ಅಪರೂಪಕ್ಕೆ ನೆಟ್ ಹಾಕುವ ಫೋನಿನಲ್ಲಿ ಬ್ಯಾಲೆನ್ಸ್ ಕಟ್: ಕಾರಣ ಹುಡುಕುವುದು, ನಿಲ್ಲಿಸುವುದು, ದುಡ್ಡು ವಾಪಸ್ ಕೇಳುವುದು

ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಇಂಥದೊಂದು ಸ್ಮಾರ್ಟ್‌ಫೋನ್ ಇರುತ್ತದೆ. ಮಗ ಮಸ್ಕತ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ಅವರು ಕೊಡಿಸಿದ ಫೋನ್ ವಾರವಿಡೀ ಟಿವಿ ಪಕ್ಕದಲ್ಲಿ ಮಲಗಿರುತ್ತದೆ. ಭಾನುವಾರ ಒಂದು ವಿಡಿಯೋ ಕಾಲ್, ನಡುವೆ ಯಾವಾಗಲಾದರೂ ಬ್ಯಾಂಕಿನ ಒಟಿಪಿ. ಅಷ್ಟೇ ಅದರ ಕೆಲಸ. ಆದರೂ ತಿಂಗಳು ತುಂಬುವ ಮೊದಲೇ ಬ್ಯಾಲೆನ್ಸ್ ಖಾಲಿ. ರೀಚಾರ್ಜ್ ಅಂಗಡಿಯಲ್ಲಿ ದಿನಾ ಕೇಳುವ ಮಾತು ಇದು:

"ಅಣ್ಣಾ, ಮೊನ್ನೆ ತಾನೇ ನೂರು ರೂಪಾಯಿ ಹಾಕಿದ್ದೆ. ಒಂದು ಕಾಲ್ ಕೂಡ ಮಾಡ್ಲಿಲ್ಲ. ಎಲ್ಲಿಗೆ ಹೋಯ್ತು?"

"ನೆಟ್ ಆನ್ ಉಂಟಲ್ಲ ಅಮ್ಮ, ಅದೇ ತಿಂದದ್ದು."

ಅಂಗಡಿಯವರ ಉತ್ತರ ಅರ್ಧ ಸರಿ. ಕಟ್ ಆದದ್ದೆಲ್ಲ ನೆಟ್‌ನಿಂದಲೇ ಅಲ್ಲ. ನೆಟ್‌ನಿಂದ ಆಗಿದ್ದರೂ 'ನಾನು ಬಳಸಲೇ ಇಲ್ಲ' ಎನ್ನುವ ಆ ಅಮ್ಮನ ಮಾತೂ ಸುಳ್ಳಲ್ಲ. ಬಳಸಿದ್ದು ಅವರಲ್ಲ, ಫೋನ್.

ಇಲ್ಲೊಂದು ವಿಷಯ ಮೊದಲೇ ತಿಳಿದಿರಬೇಕು. ಕಡಿಮೆ ಬಳಸುವ ಫೋನ್ ಕಡಿಮೆ ಡೇಟಾ ತಿನ್ನುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆಗುವುದು ಉಲ್ಟಾ. ಏಕಾದಶಿ ಉಪವಾಸ ಮುಗಿಸಿ ದ್ವಾದಶಿಯ ಪಾರಣೆಗೆ ಕೂತ ಹಾಗೆ, ನೆಟ್ ಸಿಕ್ಕಿದ ಕೂಡಲೇ ಅದು ಬಾಕಿ ಇದ್ದದ್ದನ್ನೆಲ್ಲ ಎಳೆದುಕೊಳ್ಳಲು ಶುರು ಮಾಡುತ್ತದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಹತ್ತು ದಿನ ಟವರ್ ಇಲ್ಲ. ದಡ ಹತ್ತಿರವಾದಾಗ ಸಿಗ್ನಲ್ ಒಂದು ಕಡ್ಡಿ, ಆಮೇಲೆ ಎರಡು. ತಕ್ಷಣ ಜೇಬಿನಲ್ಲಿ ಟಿಂಗ್ ಟಿಂಗ್ ಟಿಂಗ್. ಹತ್ತು ದಿನದ ವಾಟ್ಸ್ಯಾಪ್ ಫೋಟೋ, ಬಾಕಿ ಮೇಲ್, ಆ್ಯಪ್ ಅಪ್‌ಡೇಟ್, ಫೋಟೋ ಬ್ಯಾಕಪ್ ಎಲ್ಲಾ ಒಟ್ಟಿಗೆ. ಮನೆಯ ಕಪಾಟಿನಲ್ಲಿರುವ ಫೋನೂ ಮಾಡುವುದು ಇದನ್ನೇ. ಹಾಗಾಗಿ ನಾವು ಹಿಡಿತಕ್ಕೆ ತರಬೇಕಾದದ್ದು ತಿಂಗಳಿಡೀ ಬಳಕೆಯನ್ನಲ್ಲ, ನೆಟ್ ಆನ್ ಆದ ಮೊದಲ ಅರ್ಧ ಗಂಟೆಯನ್ನು.

ಹೆಜ್ಜೆ 1: ಮೊದಲು ಡೇಟಾ ಆಫ್, ಆಮೇಲೆ ತನಿಖೆ

ಪರದೆಯ ಮೇಲಿನಿಂದ ಕೆಳಗೆ ಎಳೆದು ಮೊಬೈಲ್ ಡೇಟಾ ಗುರುತನ್ನು ಒತ್ತಿ ಆಫ್ ಮಾಡಿ. ಡೇಟಾ ಆಫ್ ಮಾಡಿದರೆ ಕಾಲ್ ಬರುವುದಿಲ್ಲ, ಒಟಿಪಿ ಬರುವುದಿಲ್ಲ ಎಂದು ಹಿರಿಯರು ಹೆದರುತ್ತಾರೆ. ಎರಡೂ ಬರುತ್ತವೆ. ಎಸ್ಸೆಮ್ಮೆಸ್‌ಗೆ ನೆಟ್ ಬೇಡ. ಹೆಚ್ಚಿನ ಫೋನ್‌ಗಳಲ್ಲಿ 4ಜಿ ಕಾಲ್ ಕೂಡ ಡೇಟಾ ಸ್ವಿಚ್ ಆಫ್ ಇದ್ದರೂ ನಡೆಯುತ್ತದೆ. ನಿಲ್ಲುವುದು ವಾಟ್ಸ್ಯಾಪ್‌ನಂಥವು ಮಾತ್ರ.

ಫ್ಲೈಟ್ ಮೋಡ್ ಮಾತ್ರ ಬೇರೆ. ಅದನ್ನು ಹಾಕಿದರೆ ಕಾಲೂ ಇಲ್ಲ, ಒಟಿಪಿಯೂ ಇಲ್ಲ. ಸಿಮ್ಮಿನ ಕೆಲಸವೇ ಇಲ್ಲದ, ಮನೆಯ ವೈಫೈಯಲ್ಲಿ ವಿಡಿಯೋ ಕಾಲ್‌ಗೆ ಮಾತ್ರ ಇಟ್ಟ ಫೋನ್ ಆದರೆ ಫ್ಲೈಟ್ ಮೋಡ್ ಹಾಕಿ, ಮೇಲೆ ವೈಫೈ ಮಾತ್ರ ಆನ್ ಮಾಡಿ. ಅಲ್ಲಿಗೆ ನಿಮ್ಮ ಸಮಸ್ಯೆ ಮುಗಿಯಿತು. ಮುಂದೆ ಓದಬೇಕಾಗಿಯೂ ಇಲ್ಲ.

ಹೆಜ್ಜೆ 2: ಕಟ್ ಆದದ್ದು ಯಾವ ಲೆಕ್ಕಕ್ಕೆ?

ಎಸ್ಸೆಮ್ಮೆಸ್ ಇನ್‌ಬಾಕ್ಸ್ ತೆರೆಯಿರಿ. ಜಾಹೀರಾತಿನ ಕಾಟಕ್ಕೆ ಬೇಸತ್ತು ಎಲ್ಲವನ್ನೂ ಡಿಲೀಟ್ ಮಾಡುವ ಅಭ್ಯಾಸ ಇದ್ದರೆ ಈಗಿನಿಂದ ಬಿಡಿ, ಸಾಕ್ಷಿ ಇರುವುದೇ ಅಲ್ಲಿ. ಕಂಪೆನಿಯ ಆ್ಯಪ್‌ನಲ್ಲಿ ಬಳಕೆಯ ವಿವರ ಸಿಕ್ಕಿದರೆ ಅದನ್ನೂ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ಆಗಿರುತ್ತದೆ.

ಒಂದು, ನಿಜವಾದ ಡೇಟಾ ಚಾರ್ಜ್. ಪ್ಯಾಕ್ ಇಲ್ಲದೆ, ಮೇನ್ ಬ್ಯಾಲೆನ್ಸ್‌ನಿಂದ ನೆಟ್ ಓಡಿದಾಗ ಆಗುವುದು. ಕಟ್ ಆದ ಮೊತ್ತ ಚಿಲ್ಲರೆ ಪೈಸೆಗಳಲ್ಲಿ, ಒಂದೇ ದಿನ ಹಲವು ಸಲ ಕಾಣುತ್ತದೆ. ಪೈಸೆ ಎಂದು ಸಸಾರ ಮಾಡಬೇಡಿ. 10 ಕೆಬಿಗೆ 4 ಪೈಸೆ ಎನ್ನುವ ದರ ಕೇಳುವುದಕ್ಕೆ ಏನೂ ಅಲ್ಲ. ಲೆಕ್ಕ ಹಾಕಿದರೆ ಒಂದು ಎಂಬಿಗೆ 4 ರೂಪಾಯಿ ದಾಟುತ್ತದೆ. 20 ಎಂಬಿಯ ಒಂದೇ ಒಂದು ಆ್ಯಪ್ ಅಪ್‌ಡೇಟ್‌ಗೆ 80 ರೂಪಾಯಿ! ಎಂಬಿಗೆ 50 ಪೈಸೆಯ ದರವಾದರೆ ಅದೇ ಅಪ್‌ಡೇಟ್ 10 ರೂಪಾಯಿಯಲ್ಲಿ ಮುಗಿಯುತ್ತದೆ. ನಿಮ್ಮ ಸಿಮ್ಮಿಗೆ ಪ್ಯಾಕ್ ಇಲ್ಲದಾಗಿನ ದರ ಯಾವುದು ಎಂದು ಕಸ್ಟಮರ್ ಕೇರ್‌ನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಎರಡು, ಕಾಲರ್ ಟ್ಯೂನ್, ಜ್ಯೋತಿಷ್ಯ, ಗೇಮ್, ಕ್ರಿಕೆಟ್ ಅಲರ್ಟ್ ಥರದ ಚಂದಾ ಸೇವೆಗಳು. ಇವು ರೌಂಡ್ ಮೊತ್ತದಲ್ಲಿ, ವಾರಕ್ಕೋ ತಿಂಗಳಿಗೋ ಒಮ್ಮೆ ಕಟ್ ಆಗುತ್ತವೆ. ನಿಮ್ಮಿಂದ ಎರಡು ಸಲ ಒಪ್ಪಿಗೆ ಪಡೆಯದೆ ಇವನ್ನು ಶುರು ಮಾಡುವ ಹಾಗಿಲ್ಲ ಎಂದು ಟೆಲಿಕಾಂ ಕಂಪೆನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ಹೇಳಿದೆ. ಆದರೆ ಪರದೆಯ ಮೇಲೆ ತಾನಾಗಿ ಹಾರಿ ಬರುವ ಚೌಕಕ್ಕೆ ಗೊತ್ತಿಲ್ಲದೆ 'ಓಕೆ' ಒತ್ತುವುದೂ ಒಪ್ಪಿಗೆಯ ಲೆಕ್ಕಕ್ಕೇ ಹೋಗುತ್ತದೆ. ಕನ್ನಡಕ ಹಾಕದೆ ಫೋನ್ ಹಿಡಿದವರ ಕೈಯಲ್ಲಿ ಓಕೆ ಒತ್ತಿ ಹೋಗುವುದು ಎಷ್ಟು ಸುಲಭ, ಅಲ್ವಾ?

ಮೂರು, ಹೆಚ್ಚಿನವರಿಗೆ ಗೊತ್ತೇ ಇಲ್ಲದ್ದು. ಪ್ರೀಪೇಯ್ಡ್ ಸಿಮ್ಮಿನಲ್ಲಿ 90 ದಿನ ಕಾಲ್, ಮೆಸೇಜ್, ಡೇಟಾ ಏನೂ ಬಳಸದೆ ಇದ್ದರೆ ನಂಬರ್ ಬಂದ್ ಆಗಬಹುದು. ಆದರೆ ಬ್ಯಾಲೆನ್ಸ್ 20 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಂಪೆನಿ 20 ರೂಪಾಯಿ ಕಟ್ ಮಾಡಿ ಇನ್ನೂ 30 ದಿನ ನಂಬರ್ ಉಳಿಸಬೇಕು. ಇದು ಟ್ರಾಯ್ ನಿಯಮ. ಅಂದರೆ ಸರಿಯಾಗಿ 20 ರೂಪಾಯಿ ಕಟ್ ಆಗಿದ್ದು, ಮೂರು ತಿಂಗಳಿನಿಂದ ಫೋನ್ ಮುಟ್ಟಿಲ್ಲದಿದ್ದರೆ ಅದು ಅನ್ಯಾಯ ಅಲ್ಲ, ನಂಬರ್ ಉಳಿಸಿಕೊಂಡ ಖರ್ಚು.

ನಾಲ್ಕು, ಸಾಲ. ತುರ್ತಿಗೆ ತೆಗೆದ ಟಾಕ್‌ಟೈಮ್ ಸಾಲವೋ ಡೇಟಾ ಸಾಲವೋ ಮುಂದಿನ ರೀಚಾರ್ಜ್‌ನಲ್ಲಿ ಸರ್ವೀಸ್ ಚಾರ್ಜ್ ಸಮೇತ ವಸೂಲಾಗುತ್ತದೆ. ಮೊಮ್ಮಗ ರಜೆಗೆ ಬಂದು ಹೋಗಿದ್ದರೆ ಅವನನ್ನೊಮ್ಮೆ ಕೇಳಿ.

ಹೆಜ್ಜೆ 3: ಫೋನಿನೊಳಗೆ ತಿಂದವರು ಯಾರು?

ಸೆಟ್ಟಿಂಗ್ಸ್ ತೆರೆದು, ಮೇಲಿರುವ ಹುಡುಕುವ ಜಾಗದಲ್ಲಿ 'ಡೇಟಾ ಯೂಸೇಜ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದೊಂದು ಕಂಪೆನಿಯ ಫೋನಿನಲ್ಲಿ ಈ ಮೆನು ಒಂದೊಂದು ಮೂಲೆಯಲ್ಲಿರುತ್ತದೆ, ಹಾಗಾಗಿ ಹುಡುಕುವುದೇ ಸುಲಭ. ಅಲ್ಲಿ ಮೊಬೈಲ್ ಡೇಟಾ ಬಳಕೆಯನ್ನು ಆರಿಸಿ. ವೈಫೈಯದ್ದು ಬೇಡ. ಆ್ಯಪ್‌ಗಳ ಪಟ್ಟಿ ಬರುತ್ತದೆ, ಜಾಸ್ತಿ ತಿಂದದ್ದು ಮೇಲೆ.

ಯಾವುದಾದರೂ ಆ್ಯಪ್ ಒತ್ತಿ ನೋಡಿ. ಫೋರ್‌ಗ್ರೌಂಡ್, ಬ್ಯಾಕ್‌ಗ್ರೌಂಡ್ ಎಂದು ಎರಡು ಅಂಕಿ ಇರುತ್ತವೆ. ಮೊದಲನೆಯದು ನೀವು ಆ ಆ್ಯಪ್ ತೆರೆದಿದ್ದಾಗ ಬಳಸಿದ್ದು. ಎರಡನೆಯದು ನೀವು ನೋಡದಿದ್ದಾಗ ಅದೇ ಬಳಸಿದ್ದು. ಅಪರೂಪದ ಫೋನ್‌ಗಳಲ್ಲಿ ಈ ಎರಡನೇ ಅಂಕಿಯೇ ದೊಡ್ಡದಿರುತ್ತದೆ. ಪ್ಲೇ ಸ್ಟೋರ್, ಫೋಟೋಸ್, ವಾಟ್ಸ್ಯಾಪ್ ಮೇಲಿದ್ದರೆ ಆಶ್ಚರ್ಯವಿಲ್ಲ. ಹೆಸರೇ ಕೇಳದ ಆ್ಯಪ್ ಮೇಲಿದ್ದರೆ ಅದನ್ನು ಕಿತ್ತು ಹಾಕಿ. ಹಾಟ್‌ಸ್ಪಾಟ್ ಎಂದು ಇದ್ದರೆ ಯಾರೋ ನಿಮ್ಮ ಫೋನಿನಿಂದ ನೆಟ್ ತೆಗೆದುಕೊಂಡಿದ್ದಾರೆ.

ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಮೊಬೈಲ್ ಡೇಟಾ ಭಾಗದಲ್ಲಿ ಇದೇ ಪಟ್ಟಿ ಸಿಗುತ್ತದೆ. ಆದರೆ ಅಲ್ಲಿನ 'ಕರೆಂಟ್ ಪೀರಿಯಡ್' ತಿಂಗಳಿಗೊಮ್ಮೆ ತಾನಾಗಿ ಸೊನ್ನೆಯಾಗುವುದಿಲ್ಲ. ಕೊನೆಯಲ್ಲಿರುವ 'ರೀಸೆಟ್ ಸ್ಟ್ಯಾಟಿಸ್ಟಿಕ್ಸ್' ಒತ್ತುವವರೆಗೆ ವರ್ಷಗಟ್ಟಲೆ ಕೂಡುತ್ತಲೇ ಹೋಗುತ್ತದೆ. ಆ ದೊಡ್ಡ ಅಂಕಿ ನೋಡಿ ಗಾಬರಿಯಾಗಬೇಡಿ. ಒಮ್ಮೆ ರೀಸೆಟ್ ಮಾಡಿ ವಾರ ಬಿಟ್ಟು ನೋಡಿ.

ಹೆಜ್ಜೆ 4: ಬಾಯಿಗೆ ಬೀಗ

ಇದನ್ನೆಲ್ಲ ಒಂದೇ ಸಲ ಕೂತು ಮಾಡಿ ಮುಗಿಸಿ.

ಪ್ಲೇ ಸ್ಟೋರ್‌ನಲ್ಲಿ ಬಲಗಡೆಯ ನಿಮ್ಮ ಗುರುತನ್ನು ಒತ್ತಿ ಸೆಟ್ಟಿಂಗ್ಸ್‌ಗೆ, ಅಲ್ಲಿಂದ ನೆಟ್‌ವರ್ಕ್ ಪ್ರಿಫರೆನ್ಸಸ್‌ಗೆ ಹೋಗಿ. ಆ್ಯಪ್ ಅಪ್‌ಡೇಟ್ ಅನ್ನು ವೈಫೈಗೆ ಮಾತ್ರ ಎಂದು ಬದಲಿಸಿ. ವಾಟ್ಸ್ಯಾಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ. ಅಲ್ಲಿ ಮೊಬೈಲ್ ಡೇಟಾ ಬಳಸುವಾಗ ಏನೇನು ತಾನಾಗಿ ಇಳಿಯಬೇಕು ಎಂಬ ಪಟ್ಟಿಯಿದೆ. ಎಲ್ಲಾ ಟಿಕ್ ತೆಗೆಯಿರಿ. ಕುಟುಂಬದ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋಗಳು ಇನ್ನು ಮುಂದೆ ಮಸುಕಾಗಿ ಕಾಣುತ್ತವೆ, ಬೇಕಾದ್ದನ್ನು ಒತ್ತಿದರೆ ಮಾತ್ರ ಇಳಿಯುತ್ತದೆ. ವಾಟ್ಸ್ಯಾಪ್ ಸೆಟ್ಟಿಂಗ್ಸ್‌ನ 'ಚಾಟ್ಸ್' ಒಳಗೆ ಚಾಟ್ ಬ್ಯಾಕಪ್‌ಗೆ ಹೋಗಿ, ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಮಾಡುವ ಸ್ವಿಚ್ ಆಫ್ ಮಾಡಿ. ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್‌ನಲ್ಲೂ ಇದೇ ಸ್ವಿಚ್ ಇದೆ, ಅದನ್ನೂ ಆಫ್ ಮಾಡಿ. ಫೋನಿನ ಸಿಸ್ಟಮ್ ಅಪ್‌ಡೇಟ್ ಕೂಡ ವೈಫೈಯಲ್ಲಿ ಮಾತ್ರ ಎಂದಿರಲಿ.

ಇಷ್ಟೆಲ್ಲ ಹುಡುಕಲು ಪುರುಸೊತ್ತು ಇಲ್ಲದವರಿಗೆ ಒಂದೇ ಸ್ವಿಚ್: 'ಡೇಟಾ ಸೇವರ್'. ಅದು ಆನ್ ಇದ್ದರೆ ಹೆಚ್ಚಿನ ಆ್ಯಪ್‌ಗಳ ಹಿನ್ನೆಲೆ ಬಳಕೆ ನಿಲ್ಲುತ್ತದೆ. ಐಫೋನ್‌ನಲ್ಲಿ ಇದರ ಹೆಸರು 'ಲೋ ಡೇಟಾ ಮೋಡ್'.

ಅದರ ಮೇಲೆ ಡೇಟಾ ಲಿಮಿಟ್ ಹಾಕಿಡಿ. ಆಂಡ್ರಾಯ್ಡ್‌ನಲ್ಲಿ ಡೇಟಾ ಯೂಸೇಜ್ ಭಾಗದಲ್ಲೇ 'ವಾರ್ನಿಂಗ್ ಆ್ಯಂಡ್ ಲಿಮಿಟ್' ಇದೆ. ಬಳಕೆ ಆ ಗಡಿ ಮುಟ್ಟಿದಾಗ ಫೋನೇ ಮೊಬೈಲ್ ಡೇಟಾ ನಿಲ್ಲಿಸುತ್ತದೆ. ಗಡಿಯನ್ನು ಜಿಬಿಯಲ್ಲಿ ಅಲ್ಲ, ಎಂಬಿಯಲ್ಲಿ ಹಾಕಿ. ಪ್ಯಾಕ್ ಇಲ್ಲದ ಸಿಮ್ಮಿಗೆ 2 ಜಿಬಿ ಗಡಿ ಹಾಕುವುದೂ ಒಂದೇ, ಹಾಕದಿರುವುದೂ ಒಂದೇ. ಅಷ್ಟು ದೂರ ಹೋಗುವ ಮೊದಲೇ ಬ್ಯಾಲೆನ್ಸ್ ಸೊನ್ನೆ. ಫೋನಿನ ಲೆಕ್ಕಕ್ಕೂ ಕಂಪೆನಿಯ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಅದಕ್ಕೂ ಜಾಗ ಬಿಟ್ಟಿರಿ.

ವೈಫೈ ಇದ್ದರೂ ಡೇಟಾ ಓಡುವುದು ಹೇಗೆ?

ನಮ್ಮ ಕರಾವಳಿಗೆ ಇದು ಬಹಳ ಮುಖ್ಯ. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಹೋಯಿತು ಎಂದುಕೊಳ್ಳಿ. ರೂಟರ್ ಸತ್ತಿತು. ವಿಡಿಯೋ ಕಾಲ್ ಒಂದು ಕ್ಷಣ ತಡವರಿಸಿ ಮತ್ತೆ ಶುರುವಾಯಿತು. 'ಓ, ನೆಟ್ ಬಂತು' ಎಂದು ನಾವು ಮಾತು ಮುಂದುವರಿಸುತ್ತೇವೆ. ಬಂದದ್ದು ವೈಫೈ ಅಲ್ಲ. ಮೊಬೈಲ್ ಡೇಟಾ ಸ್ವಿಚ್ ಆನ್ ಇದ್ದ ಕಾರಣ ಫೋನ್ ಸದ್ದಿಲ್ಲದೆ ಅದಕ್ಕೆ ಹಾರಿದೆ. ಪರದೆಯ ಮೇಲಿನ ವೈಫೈ ಗುರುತು ಹೋಗಿ 4ಜಿ ಎಂದು ಬಂದಿರುತ್ತದೆ, ಯಾರೂ ನೋಡಿರುವುದಿಲ್ಲ.

ಕರೆಂಟ್ ಹೋಗಲೇಬೇಕು ಎಂದಿಲ್ಲ. ವೈಫೈ ಬಡವಾಗಿದ್ದರೂ ಸಾಕು. ಕೆಂಪುಕಲ್ಲಿನ ದಪ್ಪ ಗೋಡೆಯ ಹಳೇ ಮನೆಗಳಲ್ಲಿ ಚಾವಡಿಯಲ್ಲಿಟ್ಟ ರೂಟರ್ ಅಡುಗೆಮನೆಗೆ ಮುಟ್ಟುವುದಿಲ್ಲ. ಐಫೋನ್‌ನಲ್ಲಿ 'ವೈಫೈ ಅಸಿಸ್ಟ್' ಎಂಬ ಸ್ವಿಚ್ ಮೊದಲಿನಿಂದಲೇ ಆನ್ ಇರುತ್ತದೆ. ವೈಫೈ ಸೊರಗಿದರೆ ಅದು ಮೊಬೈಲ್ ಡೇಟಾ ಬಳಸಿಕೊಳ್ಳುತ್ತದೆ. ಮೊಬೈಲ್ ಡೇಟಾ ಪುಟದ ತೀರಾ ಕೆಳಗಿದೆ, ಆಫ್ ಮಾಡಿ. ಎಷ್ಟೋ ಆಂಡ್ರಾಯ್ಡ್ ಫೋನ್‌ಗಳ ವೈಫೈ ಸೆಟ್ಟಿಂಗ್‌ನಲ್ಲೂ ತಾನಾಗಿ ಮೊಬೈಲ್ ಡೇಟಾಕ್ಕೆ ಬದಲಾಗುವ ಆಯ್ಕೆ ಇದೆ. ಹಾಗೆಯೇ ಎರಡು ಸಿಮ್ ಇದ್ದರೆ, ಒಂದರ ಸಿಗ್ನಲ್ ಬಿದ್ದಾಗ ಇನ್ನೊಂದರ ಡೇಟಾ ಹಿಡಿಯುವ 'ಆಟೋ ಡೇಟಾ ಸ್ವಿಚಿಂಗ್' ಇರುತ್ತದೆ. ಪ್ಯಾಕ್ ಇಲ್ಲದ ಎರಡನೇ ಸಿಮ್ಮಿಗೆ ಇದು ದೊಡ್ಡ ಹೊಡೆತ.

ಹಾಟ್‌ಸ್ಪಾಟ್‌ನದ್ದು ಬೇರೆಯದೇ ಕಥೆ. ಚೌತಿಗೆ ಮಗ ಬರುತ್ತಾನೆ, ಅಮ್ಮನ ಫೋನಿಗೆ ತನ್ನ ಹಾಟ್‌ಸ್ಪಾಟ್ ಕೊಡುತ್ತಾನೆ. ಅಮ್ಮನ ಫೋನಿಗೆ ಅದು ವೈಫೈಯಾಗಿ ಕಾಣುತ್ತದೆ. 'ವೈಫೈಯಲ್ಲಿ ಮಾತ್ರ' ಎಂದು ತಡೆದಿಟ್ಟದ್ದೆಲ್ಲ ಈಗ ಸಲೀಸಾಗಿ ಇಳಿಯುತ್ತದೆ, ಮಗನ ದಿನದ ಕೋಟಾ ಅಲ್ಲಿಗೆ ಢಮಾರ್. ಆಂಡ್ರಾಯ್ಡ್ ಕೆಲವೊಮ್ಮೆ ಇದನ್ನು ಗುರುತಿಸುತ್ತದೆ, ಎಲ್ಲಾ ಸಲ ಅಲ್ಲ. ಅಮ್ಮನ ಫೋನಿನಲ್ಲಿ ಆ ವೈಫೈ ಹೆಸರಿನ ಮುಂದಿರುವ ಚಕ್ರ ಒತ್ತಿ, 'ಮೀಟರ್ಡ್' (ಅಂದರೆ ಅಳತೆಯ ನೆಟ್) ಎಂದು ಬದಲಿಸಿಬಿಡಿ.

ಹೆಜ್ಜೆ 5: ಸಿಮ್ಮಿನ ಕಡೆಯಿಂದಲೇ ಬಂದ್

ಫೋನಿನ ಸ್ವಿಚ್ಚನ್ನು ಮಕ್ಕಳು ಮುಟ್ಟಿ ಆನ್ ಮಾಡಿಬಿಡಬಹುದು. ಕಂಪೆನಿಯ ಕಡೆಯಿಂದಲೇ ಡೇಟಾ ನಿಲ್ಲಿಸುವುದು ಇದಕ್ಕಿಂತ ಗಟ್ಟಿ. 1925 ನಂಬರಿಗೆ ಇಂಗ್ಲಿಷ್ ಅಕ್ಷರದಲ್ಲಿ 'ಸ್ಟಾಪ್' ಎಂದು ಎಸ್ಸೆಮ್ಮೆಸ್ ಕಳಿಸಿ. ಮತ್ತೆ ಬೇಕಾದಾಗ 'ಸ್ಟಾರ್ಟ್'. ದುಡ್ಡಿಲ್ಲ. ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಡೇಟಾ ಸೇವೆ ಶುರು ಮಾಡಬಾರದು ಎಂಬ ಟ್ರಾಯ್ ನಿಯಮದ ಜೊತೆಗೇ ಬಂದ ನಂಬರ್ ಇದು. ಕಾಲ್, ಒಟಿಪಿಗೆ ಮಾತ್ರ ಇರುವ ಸಿಮ್ಮಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ನನ್ನ ಲೆಕ್ಕ.

ಚಂದಾ ಸೇವೆ ನಿಲ್ಲಿಸಲು 155223. ಜಾಹೀರಾತು ಕಾಲ್, ಮೆಸೇಜ್ ತಡೆಯಲು 1909. ಹಾರಿ ಬರುವ ಚೌಕಗಳ ಕಾಟ ಇದ್ದರೆ ಫೋನಿನಲ್ಲಿ 'ಸಿಮ್ ಟೂಲ್‌ಕಿಟ್' ಎಂಬ ಆ್ಯಪ್ ಹುಡುಕಿ, ಒಳಗೆ ಆ ಸೇವೆಯನ್ನು ಆಫ್ ಮಾಡುವ ಆಯ್ಕೆ ಇರುತ್ತದೆ.

ಪ್ಯಾಕ್ ಆರಿಸುವಾಗಲೂ ಯೋಚಿಸಿ. ಡೇಟಾ ಬೇಡದವರಿಗೆ ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಶುರುವಿನಲ್ಲಿ ಕಂಪೆನಿಗಳು ಅಂಥ ಪ್ಯಾಕ್ ತಂದವು, ವರ್ಷವಿಡೀ ನಡೆಯುವುದೂ ಸಿಗುತ್ತದೆ. ಅಂಗಡಿಯಲ್ಲಿ ಸುಮ್ನೆ 'ರೀಚಾರ್ಜ್ ಮಾಡಿ' ಎಂದರೆ ದಿನಕ್ಕಿಷ್ಟು ಜಿಬಿ ಎನ್ನುವ ಪ್ಯಾಕನ್ನೇ ಹಾಕುತ್ತಾರೆ. 'ನೆಟ್ ಇಲ್ಲದ್ದು ಬೇಕು' ಎಂದು ಬಾಯಿಬಿಟ್ಟು ಕೇಳಿ. ಅದರ ಜೊತೆಗೆ ಮೇನ್ ಬ್ಯಾಲೆನ್ಸ್ ದೊಡ್ಡದು ಇಡಬೇಡಿ. ಡೇಟಾ ಆನ್ ಆದರೆ ಮೊದಲು ಕರಗುವುದು ಅದೇ.

ಬಜ್ಪೆಯಿಂದ ವಿಮಾನ ಹತ್ತುವ ಮೊದಲು

ದುಬೈಗೋ ಮಸ್ಕತ್‌ಗೋ ಮಕ್ಕಳನ್ನು ನೋಡಲು ಹೋಗುವವರು ಊರಿನ ಸಿಮ್ಮನ್ನು ಒಟಿಪಿಗೆಂದು ಫೋನಿನಲ್ಲೇ ಇಟ್ಟುಕೊಳ್ಳುತ್ತಾರೆ. ಸೆಕ್ಯುರಿಟಿ ಚೆಕ್ ಮುಗಿಸಿ ಕೂತಾಗಲೇ ಡೇಟಾ ರೋಮಿಂಗ್ ಆಫ್ ಮಾಡಿ. ಇಳಿದ ಮೇಲೆ ಮಾಡೋಣ ಎಂದರೆ, ಅಲ್ಲಿನ ನೆಟ್‌ವರ್ಕ್ ಹಿಡಿದ ಮೊದಲ ನಿಮಿಷದಲ್ಲೇ ಬಾಕಿ ಮೆಸೇಜ್‌ಗಳು ನುಗ್ಗಿರುತ್ತವೆ. ಪೋಸ್ಟ್‌ಪೇಯ್ಡ್ ಆದರೆ ಇನ್ನೂ ಹುಷಾರು. ಪ್ರೀಪೇಯ್ಡ್‌ನಲ್ಲಿ ಬ್ಯಾಲೆನ್ಸ್ ಮುಗಿದರೆ ಅಲ್ಲಿಗೆ ನಿಲ್ಲುತ್ತದೆ, ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಬಂದಾಗಲೇ ಗೊತ್ತಾಗುವುದು. ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಒಟಿಪಿಗೆ ತೊಂದರೆಯಿಲ್ಲ. ಗಲ್ಫ್‌ನಿಂದ ರಜೆಗೆ ಬರುವವರ ಅಲ್ಲಿನ ಸಿಮ್ಮಿಗೂ ಇದೇ ಮಾತು.

ತಲಪಾಡಿ ದಾಟಿ ಕಾಸರಗೋಡಿಗೆ ಹೋದಾಗ ರೋಮಿಂಗ್ ಗುರುತು ಕಂಡು ಹೆದರುವವರಿದ್ದಾರೆ. ದೇಶದೊಳಗಿನ ರೋಮಿಂಗ್‌ಗೆ ಈಗಿನ ಸಾಮಾನ್ಯ ಪ್ಯಾಕ್‌ಗಳಲ್ಲಿ ಬೇರೆ ಚಾರ್ಜ್ ಇಲ್ಲ.

ಹೆಜ್ಜೆ 6: ದುಡ್ಡು ವಾಪಸ್ ಕೇಳುವುದು

ಕಾರಣ ನಿಮ್ಮ ಫೋನೇ ಎಂದು ಗೊತ್ತಾದರೆ ಜಗಳಕ್ಕೆ ಹೋಗಬೇಡಿ. ಒಪ್ಪಿಗೆ ಇಲ್ಲದೆ ಸೇವೆ ಶುರುವಾಗಿದ್ದರೆ, ಅಥವಾ 1925ಕ್ಕೆ ಕಳಿಸಿದ ಮೇಲೂ ಡೇಟಾಕ್ಕೆ ಕಟ್ ಆಗಿದ್ದರೆ, ಬಿಡಬೇಡಿ.

ಅದೇ ಸಿಮ್ಮಿನಿಂದ 198ಕ್ಕೆ ಕಾಲ್ ಮಾಡಿ. ದಿನಾಂಕ, ಹೊತ್ತು, ಮೊತ್ತ ಮೂರನ್ನೂ ಹೇಳಿ. 'ಜಾಸ್ತಿ ಕಟ್ ಆಗ್ತಿದೆ' ಎಂದಷ್ಟೇ ಹೇಳಿದರೆ ಸಮಾಧಾನದ ಮಾತು ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಡಾಕೆಟ್ ನಂಬರ್, ಅಂದರೆ ನಿಮ್ಮ ದೂರಿನ ನಂಬರ್, ಕೇಳಿ ಬರೆದುಕೊಳ್ಳಿ. ಅದಿಲ್ಲದಿದ್ದರೆ ದೂರು ಕೊಟ್ಟ ಲೆಕ್ಕವೇ ಇಲ್ಲ. ಪ್ರೀಪೇಯ್ಡ್ ಗ್ರಾಹಕರೂ ಬಳಕೆಯ ಐಟಂವಾರು ಪಟ್ಟಿ ಕೇಳಬಹುದು, ಅದಕ್ಕೆ 50 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ.

ಉತ್ತರ ಸರಿಯಿಲ್ಲದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಿರಿ. ಇದಕ್ಕೆ ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ನೇರ ಟ್ರಾಯ್‌ಗೆ ಪತ್ರ ಬರೆದು ಕಾಯಬೇಡಿ, ಅದು ಒಬ್ಬೊಬ್ಬರ ದೂರು ತೀರ್ಮಾನ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊನೆಗೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಕಾಂ ದೂರು ಅಲ್ಲಿಗೆ ಬರುವ ಹಾಗಿಲ್ಲ ಎಂದು ಮೊದಲು ವಾದ ನಡೆಯುತ್ತಿತ್ತು. ಬರಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. 80 ರೂಪಾಯಿಗೆ ಅಲ್ಲಿವರೆಗೆ ಹೋಗಬೇಕಾ ಎಂದರೆ, ನಾನಾದರೆ ಹೋಗಲಿಕ್ಕಿಲ್ಲ. ಮೇಲ್ಮನವಿಯವರೆಗೆ ಮಾತ್ರ ಖಂಡಿತ ಹೋಗುತ್ತೇನೆ.

ಈ ನಡುವೆ 'ನಿಮ್ಮ ರೀಫಂಡ್ ರೆಡಿ ಇದೆ, ಒಟಿಪಿ ಹೇಳಿ' ಎಂದು ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಬ್ಯಾಲೆನ್ಸ್ ವಾಪಸ್ ಹಾಕಲು ಕಂಪೆನಿಗೆ ನಿಮ್ಮ ಒಟಿಪಿ ಬೇಡ. ಮೋಸ ಆಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ನಿಜವಾದ ರೀಫಂಡ್ ಸಾಮಾನ್ಯವಾಗಿ ಬಂದು ಬೀಳುವುದು ಮೇನ್ ಬ್ಯಾಲೆನ್ಸ್‌ಗೆ. ಅದು ಬರುವ ಹೊತ್ತಿಗೆ ಯಾರೋ ಮೊಬೈಲ್ ಡೇಟಾ ಆನ್ ಮಾಡಿಟ್ಟಿದ್ದರೆ ಆ ದುಡ್ಡೂ ಅದೇ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ 198ಕ್ಕೆ ಕಾಲ್ ಮಾಡುವ ಮೊದಲೇ 1925ಕ್ಕೆ ಮೆಸೇಜ್ ಹೋಗಿರಲಿ.